ಬೀಗ ತೆಗೆದಿದ್ದರೆ ಐದಕ್ಕೆ ನಾಲ್ಕೂವರೆ ಸ್ಟಾರ್

ಮೊದಲು ಬೈದು ಮುಗಿಸುತ್ತೇನೆ, ಹೊಗಳೋದು ಆಮೇಲೆ. ಶಿವಮೊಗ್ಗದಲ್ಲಿ ನಮ್ಮ ಬಡಾವಣೆಯ ಪಾರ್ಕಿಗೆ ಅಂಟಿಕೊಂಡೇ ಒಂದು ಯೂನಿವರ್ಸಿಟಿ ಕ್ರೀಡಾಂಗಣ ಇದೆ. ಎರಡೂ ಸೇರಿಸಿ ಬಡಾವಣೆಯವರಿಗೂ ಪಾಸ್ ಕೊಡುತ್ತಾರೆ. ಪಾಸ್ ಶುರುವಾದ ವರ್ಷದಿಂದಲೂ ನಾನು ಮತ್ತು ನನ್ನ ಹೆಂಡತಿ ಇಲ್ಲಿನ ಸದಸ್ಯರು. ಹೆಸರು ಹಾಕುವುದಿಲ್ಲ, ಸುಮ್ನೆ ಜಗಳ ಯಾಕೆ. ಏನೇನು ಸೌಲಭ್ಯ ಇದೆ ಅನ್ನುವುದು ಗೇಟಿನ ಬೋರ್ಡಿನಲ್ಲೇ ಇದೆ, ಓದಿಕೊಳ್ಳಿ.

ನನ್ನ ತಕರಾರು ಒಂದೇ. ಬೀಗ.

ಜಾಗ ಇಬ್ಬರದು. ಪಾರ್ಕ್ ಒಂದು ಕಚೇರಿಗೆ ಸೇರಿದ್ದು, ಓಟದ ಟ್ರ್ಯಾಕ್ ಮತ್ತು ಒಳಾಂಗಣ ಯೂನಿವರ್ಸಿಟಿಗೆ. ನಡುವೆ ಒಂದು ಕಬ್ಬಿಣದ ಗೇಟು. ತರಗತಿ ನಡೆಯುವ ದಿನಗಳಲ್ಲಿ ಅದು ಬೆಳಿಗ್ಗೆ ಐದೂವರೆಗೇ ತೆರೆದಿರುತ್ತದೆ, ಹಾಸ್ಟೆಲ್ ಮಕ್ಕಳು ಪ್ರಾಕ್ಟೀಸಿಗೆ ಬರಬೇಕಲ್ಲ. ಸೆಮಿಸ್ಟರ್ ಮುಗಿದು ಮಕ್ಕಳು ಬ್ಯಾಗ್ ಹೊತ್ತು ಬಸ್‌ಸ್ಟ್ಯಾಂಡಿಗೆ ಹೋದ ಮಾರನೇ ದಿನ ಬೀಗ ಬೀಳುತ್ತದೆ. ಜೊತೆಗೊಂದು ಚೀಟಿ: ಮುಂದಿನ ಆದೇಶದವರೆಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ತಾರೀಖು ಇಲ್ಲ. ಆ ಆದೇಶ ಎಂದು ಬರುತ್ತದೆ ಅಂತ ವಾಚ್‌ಮನ್‌ಗೂ ಗೊತ್ತಿರುವುದಿಲ್ಲ. ಪಾರ್ಕಿನ ಕಚೇರಿಯಲ್ಲಿ ಕೇಳಿದರೆ ‘ಅದು ಯೂನಿವರ್ಸಿಟಿಯವರದು ಸಾರ್’. ಯೂನಿವರ್ಸಿಟಿಯಲ್ಲಿ ಕೇಳಿದರೆ ‘ಕ್ರೀಡಾ ವಿಭಾಗದವರು ರಜೆ ಮೇಲಿದ್ದಾರೆ’. ಹೋದ ಬೇಸಿಗೆಯಲ್ಲೂ ಇದೇ ಆಯಿತು. ಬೆಂಗಳೂರಿನಿಂದ ಮೊಮ್ಮಕ್ಕಳು ಬಂದು ಬೀದಿಯಲ್ಲಿ ಕ್ರಿಕೆಟ್ ಆಡಿ ಎದುರು ಮನೆಯ ಕಿಟಕಿ ಗಾಜು ಒಡೆಯುತ್ತಿದ್ದರು. ಐವತ್ತು ಹೆಜ್ಜೆ ಆಚೆ ಇಡೀ ಮೈದಾನ ಖಾಲಿ ಬಿದ್ದಿತ್ತು.

ಪಾಸ್ ಮಾತ್ರ ಹನ್ನೆರಡು ತಿಂಗಳಿನದೇ. ಮುಚ್ಚಿದ ದಿನಗಳಿಗೆ ಒಂದು ರೂಪಾಯಿಯೂ ವಾಪಸ್ ಇಲ್ಲ, ಅವಧಿಯನ್ನೂ ಮುಂದಕ್ಕೆ ಹಾಕುವುದಿಲ್ಲ. ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಕೊಟ್ಟದ್ದು, ಬಂದದ್ದು ತಾಳೆಯಾಗದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ರಜೆ ಒಂದೇ ಅಲ್ಲ. ಪರೀಕ್ಷೆ ಬಂದರೆ ಒಳಾಂಗಣದ ತುಂಬ ಡೆಸ್ಕು, ಘಟಿಕೋತ್ಸವಕ್ಕೆ ಕುರ್ಚಿ. ಡೆಸ್ಕುಗಳನ್ನು ಎತ್ತಿ ಇಡುವುದಿಲ್ಲ, ಎಳೆಯುತ್ತಾರೆ. ಎರಡನೇ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ನೆಟ್ ಹತ್ತಿರದ ಗೀರುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ರಾತ್ರಿ ಎಂಟಕ್ಕೆ ಸರಿಯಾಗಿ ಲೈಟ್ ಆಫ್. ಅಡಿಕೆ ಸೀಸನ್‌ನಲ್ಲಿ ನಾನು ಮಂಡಿಯಿಂದ ಹೊರಬೀಳುವಾಗಲೇ ಏಳೂವರೆ ಆಗಿರುತ್ತದೆ. ಬಟ್ಟೆ ಬದಲಿಸಿ ಶೂ ಲೇಸ್ ಕಟ್ಟುವಷ್ಟರಲ್ಲಿ ಕತ್ತಲೆ. ಅಂಗಡಿ ನಡೆಸುವವರು, ತಡವಾಗಿ ಕೆಲಸ ಮುಗಿಯುವವರು ಸಂಜೆ ಆಟ ನಂಬಿ ಪಾಸ್ ಮಾಡಿಸಬೇಡಿ.

ಇಷ್ಟಾದರೂ ಪ್ರತಿ ವರ್ಷ ಯಾಕೆ ರಿನ್ಯೂ ಮಾಡಿಸುತ್ತೀರಿ ಅಂತ ಕೇಳಬಹುದು. ಅದಕ್ಕೆ ಕಾರಣ ಮಳೆಗಾಲ.

ಪುನರ್ವಸು ಮಳೆ ಹಿಡಿಯಿತೆಂದರೆ ನಮ್ಮ ಕಡೆ ವಾಕಿಂಗ್ ಅನ್ನುವುದೇ ಮರೆತುಹೋಗುತ್ತದೆ. ಗಾಂಧಿ ಪಾರ್ಕಿಗೆ ಹೋಗಲಿ, ಹಳೇ ಜೈಲಿನ ಜಾಗದಲ್ಲಿರುವ ಪಾರ್ಕಿಗೆ ಹೋಗಲಿ, ತಲೆ ಮೇಲೆ ಸೂರು ಇಲ್ಲದೆ ನಡೆಯೋದು ಹೇಗೆ? ಡಾಕ್ಟರ್ ನನಗೆ ಶುಗರ್ ಅಂದಿದ್ದು ಜೂನ್ ತಿಂಗಳಲ್ಲಿ. ದಿನಾ ನಡೀರಿ ಅಂದರು, ಹೊರಗೆ ಧೋ ಅಂತ ಸುರಿಯುತ್ತಿತ್ತು. ಇಲ್ಲಿ ಗ್ಯಾಲರಿ ಮೆಟ್ಟಿಲುಗಳ ಕೆಳಗೆ ಉದ್ದಕ್ಕೆ ಒಂದು ಹಾದಿ ಇದೆ. ಕಟ್ಟಿದವರು ಅದನ್ನು ಸಾಮಾನು ಇಡಲು ಮಾಡಿರಬೇಕು, ಹರ್ಡಲ್‌ಗಳು, ಸುಣ್ಣದ ಚೀಲಗಳು ಅಲ್ಲೇ ಇರುತ್ತವೆ. ಆದರೆ ಜುಲೈ, ಆಗಸ್ಟ್‌ನಲ್ಲಿ ಅದು ಇಡೀ ಬಡಾವಣೆಯ ವಾಕಿಂಗ್ ಪಾತ್. ಎಡಗಡೆಯಿಂದ ಹೋಗಬೇಕು, ಬಲಗಡೆಯಿಂದ ಬರಬೇಕು. ಈ ನಿಯಮ ಯಾರು ಮಾಡಿದರೋ, ಎಲ್ಲರೂ ಪಾಲಿಸುತ್ತಾರೆ. ನಮ್ಮ ಪಕ್ಕದಲ್ಲೇ ಖೋಖೋ ಹುಡುಗಿಯರು ಸ್ಕಿಪ್ಪಿಂಗ್ ಮಾಡುತ್ತಿರುತ್ತಾರೆ. ಹಗ್ಗ ತಾಗೀತು ಅಂತ ಹಿರಿಯರು ಗೊಣಗುತ್ತಾರೆ, ‘ಸಾರಿ ಅಜ್ಜಾ’ ಅಂತ ಅವರು ನಗುತ್ತಾರೆ. ಒದ್ದೆ ಕೊಡೆಗಳನ್ನೆಲ್ಲ ಹರ್ಡಲ್‌ಗಳ ಮೇಲೆ ನೇತುಹಾಕಿರುತ್ತೇವೆ. ಹೊರಗೆ ಬಂದರೆ ಗಾಡಿಯಲ್ಲಿ ಬಿಸಿ ಕಷಾಯ.

ಟ್ರ್ಯಾಕ್ ಬಗ್ಗೆ ಒಂದು ಮಾತು. ಮಣ್ಣಿನ ಟ್ರ್ಯಾಕ್, ಜೋರು ಮಳೆಯಾದರೆ ಎರಡು ದಿನ ಕಾಲಿಡಲು ಆಗುವುದಿಲ್ಲ. ವಾಕಿಂಗ್‌ನವರು ಹೊರಗಿನ ಲೇನಿನಲ್ಲೇ ನಡೆಯಬೇಕು ಅನ್ನುವುದು ಇಲ್ಲಿನ ಕಟ್ಟಳೆ. ವಾರ್ಷಿಕ ಕ್ರೀಡಾಕೂಟಕ್ಕೆ ಹಾಕಿದ ಸುಣ್ಣದ ಗೆರೆ ಮೊದಲ ಮಳೆಗೇ ತೊಳೆದು ಹೋಗುತ್ತದೆ, ಕಟ್ಟಳೆ ಮಾತ್ರ ಹೋಗುವುದಿಲ್ಲ. ಹತ್ತು ಸುತ್ತು ಹಾಕಿದೆ, 4 ಕಿಲೋಮೀಟರ್ ಆಯಿತು ಅಂತ ಎಲ್ಲರೂ ಹೇಳಿಕೊಳ್ಳುತ್ತಾರೆ. 400 ಮೀಟರ್ ಲೆಕ್ಕ ಒಳಗಿನ ಲೇನಿಗೆ ಮಾತ್ರ. ಲೇನಿನ ಅಗಲ 1.22 ಮೀಟರ್, ಒಂದೊಂದು ಲೇನ್ ಹೊರಗೆ ಸರಿದಂತೆ ಸುತ್ತು ಏಳೂವರೆ ಮೀಟರಿಗಿಂತ ಜಾಸ್ತಿ ಉದ್ದವಾಗುತ್ತದೆ. ಎಂಟನೇ ಲೇನಿನಲ್ಲಿ ಒಂದು ಸುತ್ತು 450 ದಾಟುತ್ತದೆ. ಅಂದರೆ ನಮ್ಮ ಹತ್ತು ಸುತ್ತು ನಾಲ್ಕೂವರೆ ಕಿಲೋಮೀಟರ್. ಇದನ್ನು ಕಷಾಯದ ಗಾಡಿ ಹತ್ತಿರ ವಿವರಿಸಿದ ದಿನ ನನಗೆ ಭಾರೀ ಮರ್ಯಾದೆ ಸಿಕ್ಕಿತು. ಮಾರನೇ ದಿನದಿಂದ ಇಬ್ಬರು ಒಂಬತ್ತೇ ಸುತ್ತಿಗೆ ನಿಲ್ಲಿಸಿದರು.

ಇನ್ನು ನನ್ನ ಖುಷಿಯ ವಿಷಯ, ಶಟಲ್ ಡಬ್ಬ. ಯೂನಿವರ್ಸಿಟಿ ತಂಡದವರು ಗರಿಯ ಶಟಲ್‌ನಲ್ಲಿ ಆಡುತ್ತಾರೆ. ಒಂದು ಶಟಲ್‌ಗೆ 16 ಗರಿ. ಅದರಲ್ಲಿ ಒಂದೆರಡು ಮುರಿದರೂ ಅವರಿಗೆ ಬೇಡ, ಹಾರುವಾಗ ಓಲಾಡುತ್ತದೆ. ನಮ್ಮಂಥವರ ಜೇಬಿಗೆ ಹೊಸ ಗರಿ ಶಟಲ್ ಆಗಿಬರುವುದಿಲ್ಲ, ನೈಲಾನ್ ತಂದು ಅದು ಸೀಳುವ ತನಕ ಆಡುತ್ತೇವೆ. ಅವರ ಕೋಚ್ ಇದನ್ನು ನೋಡಿ ಮೂಲೆಯಲ್ಲಿ ಒಂದು ರಟ್ಟಿನ ಡಬ್ಬ ಇಟ್ಟರು. ಬಿಸಾಕುವ ಶಟಲ್ ಎಲ್ಲ ಅದಕ್ಕೆ. ಈಗ ನಾನು ಆರೂವರೆಗೆ ಒಳಗೆ ಬಂದವನು ಮೊದಲು ಆ ಡಬ್ಬದ ಮುಂದೆ ಕೂರುತ್ತೇನೆ. ಒಂದೊಂದನ್ನೇ ಎತ್ತಿ, ಗರಿ ನೇವರಿಸಿ, ಕಾರ್ಕ್ ಅದುಮಿ, ಮೇಲಕ್ಕೆ ಹೊಡೆದು ನೋಡುತ್ತೇನೆ. ಅಡಿಕೆ ಆರಿಸಿ ಬೇರೆ ಮಾಡುವುದನ್ನು ದಿನಾ ನೋಡಿದ ಕಣ್ಣು, ಒಳ್ಳೇದು ಸಿಕ್ಕೇ ಸಿಗುತ್ತದೆ. ಮಾರ್ಚ್‌ನ ಒಣ ಹವೆಗೆ ಗರಿಗಳು ಬೇಗ ಮುರಿಯುತ್ತವೆ, ಡಬ್ಬ ತುಂಬಿರುತ್ತದೆ. ಮಳೆಗಾಲದ ತೇವಕ್ಕೆ ಅವೇ ಗರಿ ಬಾಳಿಕೆ ಬರುತ್ತವೆ, ಆಗ ಡಬ್ಬದ ತಳ ಕಾಣುತ್ತದೆ. ಬಿಸಾಕಿದ ಶಟಲ್‌ನಲ್ಲಿ ಆಡಿದರೂ ಆ ಟಪ್ ಅನ್ನೋ ಸದ್ದು ನೈಲಾನ್‌ಗೆ ಎಲ್ಲಿ ಬರಬೇಕು! ಹುಡುಗರು ಕೆಲವು ಸಲ ಚೆನ್ನಾಗಿರುವ ಶಟಲನ್ನೇ ಡಬ್ಬಕ್ಕೆ ಹಾಕುತ್ತಾರೆ. ನನಗೆ ಗೊತ್ತು, ಕೇಳುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಇಬ್ಬರ ವರ್ಷದ ಪಾಸಿನ ದುಡ್ಡಿಗೆ ಖಾಸಗಿ ಕೋರ್ಟಿನಲ್ಲಿ ಗಂಟೆ ಲೆಕ್ಕದಲ್ಲಿ ಆಡಿದರೆ ಒಂದೇ ತಿಂಗಳಿಗೆ ಮುಗಿಯುತ್ತದೆ. ಮೂರು ತಿಂಗಳು ಬೀಗ ಬಿದ್ದರೂ ನಷ್ಟ ಇಲ್ಲ. ಆದರೆ ಬೀಗ ಬೀಳುವ ಅಗತ್ಯವೇ ಇಲ್ಲವಲ್ಲ! ಪಾರ್ಕಿನ ವಾಚ್‌ಮನ್ ರಜೆಯಲ್ಲೂ ಇರುತ್ತಾನೆ. ಒಂದು ಡೂಪ್ಲಿಕೇಟ್ ಕೀಲಿ ಅವನ ಕೈಗೆ ಕೊಡಿ, ಒಳಾಂಗಣ ಮುಚ್ಚಿರಲಿ, ಟ್ರ್ಯಾಕ್ ಮತ್ತು ಗ್ಯಾಲರಿ ಕೆಳಗಿನ ಹಾದಿ ಆದರೂ ಬೆಳಿಗ್ಗೆ ಎರಡು ಗಂಟೆ ತೆರೆದಿರಲಿ. ಬಡಾವಣೆಯವರೆಲ್ಲ ಸಹಿ ಹಾಕಿ ಎರಡೂ ಕಡೆಗೆ ಅರ್ಜಿ ಕೊಟ್ಟಿದ್ದೇವೆ. ಎರಡೂ ಕಡೆಯಿಂದ ‘ಪರಿಶೀಲಿಸಲಾಗುವುದು’ ಅಂತ ಸೀಲು ಬಿದ್ದ ಕಾಗದ ಬಂದಿದೆ.

ಹೊಸದಾಗಿ ಸೇರುವವರು ಬೇಸಿಗೆಯಲ್ಲಿ ಪಾಸ್ ಮಾಡಿಸಬೇಡಿ. ತರಗತಿ ಶುರುವಾಗಲಿ, ಹಾಸ್ಟೆಲ್ ಮಕ್ಕಳು ವಾಪಸ್ ಬಂದದ್ದು ಕಂಡ ಮೇಲೆ ಕೌಂಟರಿಗೆ ಹೋಗಿ. ಆಧಾರ್ ಜೆರಾಕ್ಸ್, ಎರಡು ಫೋಟೋ, ಸರಿಯಾದ ಚಿಲ್ಲರೆ ತಗೊಂಡು ಹೋಗಿ.

ಸದ್ಯಕ್ಕೆ ನನ್ನ ಕಡೆಯಿಂದ ಮೂರೂವರೆ. ಮನೆಯವಳನ್ನು ಕೇಳಿದರೆ ಐದಕ್ಕೆ ಐದು. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿದವಳು, ಈಗ ಯೂನಿವರ್ಸಿಟಿ ಹುಡುಗಿಯರಿಗೆ ಆಳು ಕಡಿಮೆ ಬಿದ್ದಾಗಲೆಲ್ಲ ಇವಳಿಗೆ ಕರೆ. ಹಿಡಿದ ಬಾಲನ್ನು 3 ಸೆಕೆಂಡಿನೊಳಗೆ ಎಸೆಯಬೇಕು. ಅಷ್ಟರಲ್ಲೇ ಎದುರು ತಂಡದಲ್ಲಿ ಯಾರು ಮೈಮರೆತಿದ್ದಾರೆ ಅಂತ ಹುಡುಕಿ ಅಲ್ಲಿಗೇ ಎಸೆಯುತ್ತಾಳೆ. ‘ಆಂಟಿ, ಮೋಸ!’ ಅಂದರೆ ‘ಮೊದ್ಲು ಬಾಲ್ ಹಿಡಿಯೇ, ಆಮೇಲೆ ಆಂಟಿ ಅನ್ನು’ ಅಂತಾಳೆ. ರಜೆಯಲ್ಲಿ ಹುಡುಗಿಯರು ಊರಿಗೆ ಹೋದರೆ ಬೀದಿಯ ಹೆಂಗಸರನ್ನೇ ಸೇರಿಸಿ ಎರಡು ತಂಡ ಮಾಡುತ್ತಾಳೆ. ಥ್ರೋಬಾಲ್ ಅಂಕಣ ಇರುವುದು ಪಾರ್ಕಿನ ಕಡೆಗೆ. ಅಲ್ಲಿ ಗೇಟೇ ಇಲ್ಲ.