ಸ್ಲೋ ಕುಕ್ಕರ್: ನಾಬ್ ಇರೋದೇ ಸಾಕು

ಸ್ಲೋ ಕುಕ್ಕರ್, ಅಂದರೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಕರೆಂಟ್ ಕುಕ್ಕರ್, ತಗೊಳ್ಳೋಣ ಅಂತಿದ್ದೀರಾ? ಮೊದಲು ಹೇಳಿ, ನಿಮ್ಮ ಏರಿಯಾದಲ್ಲಿ ಕರೆಂಟ್ ಹೇಗೆ? ನಮ್ಮ ಕಡೆ ನಾಲ್ಕು ಹನಿ ಬಿದ್ದರೆ ಸಾಕು, ಹೋಗುತ್ತದೆ. ಅದಕ್ಕೇ ನಾನು ಡಿಜಿಟಲ್ ಬಿಟ್ಟು ಲೋ, ಹೈ, ವಾರ್ಮ್ ಅಂತ ನಾಬ್ ತಿರುಗಿಸುವ ಸಾದಾ ಮಾಡೆಲ್ ತಂದೆ. ಕರೆಂಟ್ ಬಂದ ಕೂಡಲೇ ಅದು ತಾನಾಗಿ ಮತ್ತೆ ಬಿಸಿಯಾಗುತ್ತದೆ. ಬಟನ್ ಒತ್ತುವ ಎಷ್ಟೋ ಮಾಡೆಲ್‌ಗಳು ಒಮ್ಮೆ ಆಫ್ ಆದರೆ ಆಫೇ. ಹಾಗಂತ ನಾಬ್ ನಂಬಿ ಮಟನ್ ಇಟ್ಟು ಊರಿಗೆ ಹೋಗಬೇಡಿ. ನಡುವೆ ಎಷ್ಟು ಹೊತ್ತು ತಣ್ಣಗಿತ್ತೋ ಯಾರಿಗೆ ಗೊತ್ತು? ನಮ್ಮಲ್ಲಿ ಕಾಲು ಸೂಪ್ ಏನಿದ್ದರೂ ಮನೆಯಲ್ಲೇ ಇರೋ ಭಾನುವಾರವೇ.

ಸೈಜ್ ವಿಷಯದಲ್ಲಿ ಆಸೆ ಬೇಡ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಿದರೇ ಅಡುಗೆ ಹದವಾಗಿ ಬೇಯುವುದು. ನಾವು ಮೂವರಿಗೆ 3.5 ಲೀಟರ್ ಧಾರಾಳ. ಒಳಗಿನ ಪಿಂಗಾಣಿ ಪಾತ್ರೆ ಹೊರಗೆ ಬರುತ್ತಾ ಅಂತ ಅಂಗಡಿಯಲ್ಲೇ ಎತ್ತಿ ನೋಡಿ. ಬರದಿದ್ದರೆ ತೊಳೆಯೋದು ದೊಡ್ಡ ಗೋಳು. ಬಿಸಿ ಪಾತ್ರೆಗೆ ತಣ್ಣೀರು ಬಿಟ್ಟರೆ ಸೀಳುತ್ತದೆ, ಒಲೆ ಮೇಲೂ ಇಡುವಂತಿಲ್ಲ. ಅಂದರೆ ಈರುಳ್ಳಿ ಹುರಿಯೋಕೆ, ಒಗ್ಗರಣೆಗೆ ಬಾಣಲೆ ಬೇರೆ ಬೇಕೇ ಬೇಕು. ಅಮೆರಿಕದಿಂದ ಬರೋ ನೆಂಟರಿಗೆ ತರೋಕೆ ಹೇಳಬೇಡಿ. ಅಲ್ಲಿನದು 120 ವೋಲ್ಟಿನದು. ನಮ್ಮ ಪ್ಲಗ್ಗಿಗೆ ಹಾಕಿದರೆ ಸುಟ್ಟೇ ಹೋಗುತ್ತದೆ.

ಇದರ ನಿಜವಾದ ಕೆಲಸ ನೋಡಬೇಕಾದರೆ ಹುರುಳಿ ಸಾರು ಮಾಡಿ. ರಾತ್ರಿ ನೆನೆಸಿದ ಕಾಳು, ನೀರು, ಚೂರು ಅರಿಶಿನ. ಲೋನಲ್ಲಿ ಎಂಟು ಗಂಟೆ. ವಿಸಲ್ ಇಲ್ಲ, ಸ್ಟವ್ ಮೇಲೆಲ್ಲ ಚಿಮ್ಮೋದಿಲ್ಲ. ಕಾಳು ಬೆರಳಲ್ಲಿ ಒತ್ತಿದರೆ ಬೆಣ್ಣೆ ಥರ ಜಾರುತ್ತದೆ, ಕಟ್ಟು ಗಾಢ ಕಂದು ಬಣ್ಣಕ್ಕೆ ಇಳಿದಿರುತ್ತದೆ. ಎರಡು ಮಾತು ನೆನಪಿರಲಿ. ಹಬೆ ಹೊರಗೆ ಹೋಗೋದು ತೀರಾ ಕಡಿಮೆ, ಹಾಗಾಗಿ ಒಲೆಗೆ ಇಡೋದಕ್ಕಿಂತ ನೀರು ಕಮ್ಮಿ ಹಾಕಿ. ಹುಣಸೆಹುಳಿ, ಟೊಮೆಟೊ ಕಾಳು ಬೆಂದ ಮೇಲೆ ಹಾಕಿ. ಮೊದಲೇ ಹುಳಿ ಬಿದ್ದರೆ ಕಾಳು ಮೆತ್ತಗಾಗೋದೇ ಇಲ್ಲ. ಸುಮ್ನೆ ಮುಚ್ಚಳ ತೆಗೆದು ಇಣುಕಲೂಬೇಡಿ. ಹೋದ ಶಾಖ ಮತ್ತೆ ಬರೋಕೆ ಅರ್ಧ ಗಂಟೆ ಹಿಡಿದರೂ ಹಿಡಿಯಿತು.

ರಾಜ್ಮಾ ಮಾತ್ರ ಹಸಿಯಾಗಿ ನೇರ ಹಾಕಲೇಬೇಡಿ. ಅದರಲ್ಲಿ ವಿಷದ ಅಂಶ ಇರುತ್ತದೆ. ಲೋನ ಶಾಖಕ್ಕೆ ಅದು ಹೋಗೋದಿಲ್ಲ, ವಾಂತಿ ಭೇದಿ ಗ್ಯಾರಂಟಿ. ನೆನೆಸಿದ ನೀರು ಚೆಲ್ಲಿ, ಬೇರೆ ನೀರಲ್ಲಿ ಒಲೆ ಮೇಲೆ ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಆಮೇಲೆ ಹಾಕಿ.

ಬಿಲ್ ಭಯ ಬೇಡ. 200 ವಾಟಿನದಾದರೆ ಎಂಟು ಗಂಟೆಗೆ ಹೆಚ್ಚೆಂದರೆ 1.6 ಯೂನಿಟ್. ಆದರೆ ನಿಮ್ಮ ಮನೆಯಲ್ಲಿ ದಿನಾ ಅನ್ನ, ಬೇಳೆ ಸಾರು, ಒಂದು ಪಲ್ಯ ಅಷ್ಟೇ ಅಂದರೆ ಇದು ಬೇಡ. ಆ ದುಡ್ಡಲ್ಲಿ ಹಳೇ ಕುಕ್ಕರಿನ ಗ್ಯಾಸ್ಕೆಟ್ ಬದಲಿಸಿ, ಮಿಕ್ಸಿಗೊಂದು ಒಳ್ಳೆ ಜಾರ್ ತಗೊಳ್ಳಿ.