ಬಿಸಿಲ ಕಿಟಕಿಗೆ ಯಾವುದು ಲೇಸು: ಪರದೆಯೋ, ಫಿಲ್ಮೋ, ತಟ್ಟಿಯೋ?

ಕಲಬುರಗಿಯ ಹಳೇ ಮನೆ. ಪಶ್ಚಿಮಕ್ಕೆ ತೇಗದ ಚೌಕಟ್ಟಿನ ದೊಡ್ಡ ಕಿಟಕಿಗಳು, ಒಂದೇ ಪದರದ ಗಾಜು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಮಧ್ಯಾಹ್ನದ ಮೇಲೆ ಎಸಿ ಎಷ್ಟು ಓಡಿದರೂ ಕೋಣೆ ತಣ್ಣಗಾಗುವುದಿಲ್ಲ. ಎರಡು ಪದರದ ಗಾಜಿನ ಹೊಸ ಕಿಟಕಿ ನನ್ನ ಬಜೆಟ್ಟಿಗೆ ಮೀರಿದ್ದು, ಗಟ್ಟಿಮುಟ್ಟಾದ ತೇಗ ಕೀಳಿಸಲು ಮನಸ್ಸೂ ಇಲ್ಲ. ಅದಕ್ಕೇ ಅಗ್ಗದ ದಾರಿಗಳನ್ನು ಹಿಡಿದೆ.

ಮೊದಲು ದಪ್ಪ ಪರದೆ. ಕೋಣೆ ಕತ್ತಲಾಯಿತು, ಸೆಕೆ ಅಷ್ಟಾಗಿ ಇಳಿಯಲಿಲ್ಲ. ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತೆ ಅಲ್ವಾ? ಬಟ್ಟೆ ಕಾದು, ಆ ಕಾವನ್ನು ಕೋಣೆಗೇ ಬಿಡುತ್ತದೆ. ಸಂಜೆ ಪರದೆಯ ಹಿಂದೆ ಕೈ ಇಟ್ಟರೆ ಕಾದ ತವೆಯ ಹತ್ತಿರ ಹಿಡಿದಂತಿರುತ್ತಿತ್ತು.

ಗಾಜಿಗೆ ಅಂಟಿಸುವ ತೆಳು ಹಾಳೆ, ಅಂದರೆ ಸನ್ ಫಿಲ್ಮ್, ಇದಕ್ಕಿಂತ ಎಷ್ಟೋ ಮೇಲು. ಬಿಸಿಲಿನ ಒಂದಷ್ಟು ಪಾಲನ್ನು ಗಾಜಿನಲ್ಲೇ ವಾಪಸ್ ಕಳಿಸುತ್ತದೆ. ಆದರೆ ಚಳಿಗಾಲದಲ್ಲೂ ಕೋಣೆ ಮಂಕು. ಅಂಟಿಸುವ ಮುಂಚೆ ಗಾಜಿನ ಮೇಲಿನ ಹಳೇ ಪೇಂಟಿನ ಚುಕ್ಕಿಗಳನ್ನು ಬ್ಲೇಡಿನಿಂದ ಕೆರೆದು ಸೋಪಿನ ನೀರಲ್ಲಿ ತೊಳೆಯಲೇಬೇಕು, ಇಲ್ಲಾಂದ್ರೆ ಗುಳ್ಳೆ ಏಳುತ್ತದೆ.

ನನ್ನ ಮತ ಮಾತ್ರ ಬಿದಿರಿನ ತಟ್ಟಿಗೇ. ಇದು ಗಾಜಿನ ಹೊರಗೇ ಬಿಸಿಲನ್ನು ತಡೆಯುತ್ತದೆ, ಗಾಜು ಅಷ್ಟಾಗಿ ಕಾಯುವುದಿಲ್ಲ. ಸಜ್ಜಾದ ಕೆಳಗೆ ಕೊಕ್ಕೆ ಹಾಕಿ, ಗಾಜಿನಿಂದ ಒಂದು ಗೇಣು ದೂರ ಇಳಿಬಿಡಿ. ನಡುವೆ ಕಾದ ಗಾಳಿ ಮೇಲೆ ಹೋಗಲು ಜಾಗ ಬೇಕು. ಸಂಜೆ ಸುತ್ತಿ ಮೇಲೆ ಕಟ್ಟಿದರೆ ಬೆಳಕೂ ಬರುತ್ತದೆ, ಗಾಳಿಯೂ ಬರುತ್ತದೆ. ತಟ್ಟಿ ಕಟ್ಟಿದ ಮೇಲೆ ಎಸಿ 26ಕ್ಕಿಟ್ಟರೂ ಸಾಕಾಗುತ್ತಿದೆ.

ಎಸಿ ಇಲ್ಲದವರಿಗೆ ಲಾವಂಚದ ತಟ್ಟಿ ಇನ್ನೂ ಚೆನ್ನ. ನೀರು ಚಿಮುಕಿಸಿ ಕಿಟಕಿ ತೆರೆದಿಟ್ಟರೆ ತಂಪು ಗಾಳಿ, ಜೊತೆಗೆ ಘಮ. ನಮ್ಮ ಒಣ ಹವೆಯಲ್ಲಿ ನೀರು ಬೇಗ ಆರುವುದರಿಂದ ಇದು ನಡೆಯುತ್ತದೆ. ಮಂಗಳೂರಿನ ಬೆವರು ಸೆಕೆಯಲ್ಲಿ ಸುಮ್ನೆ ಖರ್ಚು.

ಯಾವುದನ್ನೇ ಆರಿಸಿ, ಸಂದುಗಳನ್ನು ಮುಚ್ಚದಿದ್ದರೆ ಎಸಿಯ ತಂಪು ಹೊರಗೇ ಹೋಗುತ್ತದೆ. ಫ್ಯಾನ್ ನಿಲ್ಲಿಸಿ, ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ಹಿಡಿಯಿರಿ. ಹೊಗೆ ಎಲ್ಲಿ ಓಲಾಡುತ್ತದೋ ಅಲ್ಲಿ ಸಂದಿದೆ. ಸ್ಪಂಜಿನ ಟೇಪು ಅಗ್ಗ, ಆದರೆ ನಮ್ಮ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಸ್ವಲ್ಪ ಜಾಸ್ತಿ ಕೊಟ್ಟು ರಬ್ಬರ್ ಪಟ್ಟಿಯನ್ನೇ ತನ್ನಿ. ಅಲುಗಾಡುವ ಗಾಜಿಗೆ ಹೊಸ ಪುಟ್ಟಿ ಮೆತ್ತಿಸಿ. ಸಜ್ಜಾ ಇಲ್ಲದ, ಕೈಗೆ ಎಟುಕದ ಮೇಲಿನ ಗಾಜುಗಳಿಗೆ ನಾನು ಫಿಲ್ಮನ್ನೇ ಉಳಿಸಿಕೊಂಡಿದ್ದೇನೆ.