ಜೀವಿಗಳ ವರ್ಗೀಕರಣದ ಗೋಡೆ ಚಾರ್ಟು: ಮೂರೂವರೆ ಸ್ಟಾರ್
ಒಂಬತ್ತನೇ ಕ್ಲಾಸ್ ಮಗಳಿಗೆ ಅಂತ ಆನ್‌ಲೈನಲ್ಲಿ ತರಿಸಿದ್ದು, ಪ್ರಿಂಟ್ ಸಕ್ಕತ್ತಾಗಿದೆ, ಲ್ಯಾಮಿನೇಷನ್ನೂ ದಪ್ಪ. ವಿಜ್ಞಾನಿ ವಿಟೇಕರ್ 1969ರಲ್ಲಿ ಹೇಳಿದ ಐದು ಸಾಮ್ರಾಜ್ಯ ಇದೆಯಲ್ಲ, ಮೊನೆರಾ (ಬ್ಯಾಕ್ಟೀರಿಯಾ ಥರದವು), ಪ್ರೊಟಿಸ್ಟಾ (ಅಮೀಬಾ ಥರದವು), ಫಂಜೈ (ಅಣಬೆ, ಬೂಷ್ಟು), ಸಸ್ಯ, ಪ್ರಾಣಿ, ಅದನ್ನ ಬಣ್ಣ ಬೇರೆ ಬೇರೆ ಕೊಟ್ಟು ನೀಟಾಗಿ ಹಾಕಿದಾರೆ. ನಂಗೆ ಇಷ್ಟ ಆಗಿದ್ದು ಅಣಬೆ ಭಾಗ, ಕೋಶಭಿತ್ತಿ ಕೈಟಿನ್‌ದು, ಸಸ್ಯಗಳದ್ದು ಸೆಲ್ಯುಲೋಸ್‌ದು, ಅಣಬೆ ತನ್ನ ಊಟ ತಾನೇ ಮಾಡ್ಕೊಳಲ್ಲ, ಕೊಳೆತಿದ್ದರ ಮೇಲೆ ಎಂಜೈಮ್ ಬಿಟ್ಟು ಕರಗಿಸಿ ಹೀರ್ಕೊಳತ್ತೆ ಅಂತ ಚಿತ್ರ ಸಮೇತ ಇದೆ, ತರಕಾರಿ ಅಂಗಡಿಲಿ ಸಿಗತ್ತೆ ಅಂತ ಗಿಡದ ಜಾತಿಗೆ ಸೇರಿಸೋರಿಗೆ ಇದನ್ನೇ ತೋರಿಸ್ಬೇಕು.

ಬೇಜಾರು ಏನಂದ್ರೆ ಆರ್ಕಿಯಾನ (ನೋಡೋಕೆ ಬ್ಯಾಕ್ಟೀರಿಯಾ ಥರಾನೇ ಇರೋ ಬೇರೆ ಗುಂಪಿನ ಸೂಕ್ಷ್ಮಜೀವಿಗಳು) ಬ್ಯಾಕ್ಟೀರಿಯಾ ಜೊತೆ ಮೊನೆರಾಗೇ ತುಂಬಿಬಿಟ್ಟಿದಾರೆ. ವಿಜ್ಞಾನಿ ಕಾರ್ಲ್ ವೋಸ್ ಮತ್ತೆ ಜೊತೆಯವರು ರೈಬೋಸೋಮ್ ಆರ್‌ಎನ್‌ಎ ಹೋಲಿಸಿ 1990ರಲ್ಲೇ ಮೂರು ಡೊಮೇನ್ (ಸಾಮ್ರಾಜ್ಯಕ್ಕಿಂತ ದೊಡ್ಡ ಗುಂಪು), ಅದ್ರಲ್ಲಿ ಆರ್ಕಿಯಾನೇ ಬೇರೆ, ಬ್ಯಾಕ್ಟೀರಿಯಾನೇ ಬೇರೆ ಅಂದಿದ್ರು, ಹಸುವಿನ ಹೊಟ್ಟೇಲಿ ಮೀಥೇನ್ ಮಾಡೋವು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ. ಸಿಲಬಸ್ಸಿಗೆ ಐದೇ ಸಾಕು ಅನ್ನಿ, ಆದ್ರೂ ಕೆಳಗಡೆ ಒಂದು ಸಾಲು ಹಾಕಿದ್ರೆ ಗಂಟೇನು ಹೋಗ್ತಿತ್ತು? ವೈರಸ್‌ನ ಮಾತ್ರ ಎಲ್ಲೂ ಸೇರಿಸ್ದೆ ಹೊರಗೆ ಇಟ್ಟಿದಾರೆ, ಅದು ಸರಿ. ಮೇಲಿನ ಪಟ್ಟಿ ಪ್ಲಾಸ್ಟಿಕ್, ಸ್ವಲ್ಪ ಲೂಸು, ಮೊಳೆಗೆ ಹಾಕೋವಾಗ ಹುಷಾರು.